ಕಟ್ಟಿಗೆ ಅಡ್ಡೆಗೆ ಹೋಗುವ ಮೊದಲು ಒಮ್ಮೆ ಟೇಪು ಹಿಡಿಯಿರಿ

ಮಾನ್ಯ ಸಂಪಾದಕರೇ,

ರಸ್ತೆ ಅಗಲ ಮಾಡುವಾಗ ಉರುಳುವ ಹುಣಸೆ, ಬೇವು, ಬಾಗೆ, ಮಳೆಮರಗಳೂ ಹಳೇ ದಾವಣಗೆರೆಯ ಓಣಿಗಳಲ್ಲಿ, ಚಿತ್ರದುರ್ಗದ ಕೋಟೆ ಬುಡದ ಕೇರಿಗಳಲ್ಲಿ ಕೆಡವುವ ಮಾಳಿಗೆ ಮನೆಗಳ ತೊಲೆ, ಜಂತೆಗಳೂ ಕೊನೆಗೆ ಸೇರುವುದು ಒಂದೇ ಜಾಗಕ್ಕೆ: ಕಟ್ಟಿಗೆ ಅಡ್ಡೆಯ ತಕ್ಕಡಿಗೆ. ಅದೇ ಊರಿನ ಬಡಗಿಯೋ ಲೇತಿನಲ್ಲಿ ಮರ ಕಡೆಯುವ ಕಡೆತದವನೋ ಚಂದದ ಎಳೆ ಇರುವ ಒಂದು ಹಲಗೆಗಾಗಿ ಬೆಂಗಳೂರಿನ ಅಂಗಡಿಗಳಿಗೆ ಫೋನು ಹಚ್ಚುತ್ತಾನೆ. ನಮ್ಮ ಕಡೆ ಅಪರೂಪದ ಮರ ಇಲ್ಲ ಎನ್ನುವುದು ಸುಳ್ಳು. ಇದೆ, ಆದರೆ ಮರ ಬಿದ್ದ ದಿನವೇ ಎರಡಡಿ ತುಂಡಾಗಿ ಟ್ರ್ಯಾಕ್ಟರ್ ಏರುತ್ತದೆ. ಆ ಒಂದು ದಿನದಲ್ಲಿ ಏನು ನೋಡಬೇಕು, ಏನು ಉಳಿಸಬೇಕು ಎಂದು ತಿಳಿಸುವುದಕ್ಕೇ ಈ ಪತ್ರ.

ಮೊದಲು ಲೆಕ್ಕ. ಸೌದೆಗೆ ತೂಕ, ನಾಟಾಕ್ಕೆ ಘನ ಅಡಿ. ದಿಮ್ಮಿಯ ನಡು ಸುತ್ತಳತೆಯನ್ನು ನಾಲ್ಕರಿಂದ ಭಾಗಿಸಿ, ಬಂದದ್ದನ್ನು ಅದರಿಂದಲೇ ಗುಣಿಸಿ, ಉದ್ದದಿಂದ ಮತ್ತೊಮ್ಮೆ ಗುಣಿಸುವುದು ಸಾಮಿಲ್‌ಗಳ ರೂಢಿ. ನಾಲ್ಕಡಿ ಸುತ್ತಳತೆ, ಎಂಟಡಿ ಉದ್ದದ ಹುಣಸೆ ದಿಮ್ಮಿಗೆ ಈ ಲೆಕ್ಕ 8 ಘನ ಅಡಿ ಕೊಡುತ್ತದೆ. ನಿಜವಾದ ಗಾತ್ರ 10 ಘನ ಅಡಿಗೂ ತುಸು ಹೆಚ್ಚೇ ಇರುತ್ತದೆ. ಕಾಲು ಸುತ್ತಿನ ಲೆಕ್ಕ ನಿಜಗಾತ್ರದ ಶೇ 78.5 ಮಾತ್ರ, ಉಳಿದದ್ದು ತೊಗಟೆ ಅಂಚಿನ ಹೊರಪಟ್ಟಿಗೆ ಹೋಗುತ್ತದೆಂಬ ಅಂದಾಜು. ಹಸಿ ಹುಣಸೆ ಘನ ಅಡಿಗೆ ಸುಮಾರು 30 ಕೆ.ಜಿ. ತೂಗುತ್ತದೆ. ಅಂದರೆ ಅದೇ ದಿಮ್ಮಿ ತಕ್ಕಡಿಯಲ್ಲಿ ಹತ್ತಿರ ಹತ್ತಿರ 300 ಕೆ.ಜಿ. ನಿಮ್ಮೂರ ಅಡ್ಡೆಯಲ್ಲಿ 300 ಕೆ.ಜಿ. ಸೌದೆಗೆ ಎಷ್ಟು, ಅಂಗಡಿಯಲ್ಲಿ 8 ಘನ ಅಡಿ ಗಟ್ಟಿ ಮರಕ್ಕೆ ಎಷ್ಟು ಎಂದು ಅಕ್ಕಪಕ್ಕ ಬರೆದು ನೋಡಿ. ಎರಡಡಿಗೆ ಕುಯ್ದ ಮೇಲೆ ಈ ಲೆಕ್ಕಕ್ಕೆ ಅರ್ಥವಿಲ್ಲ. ಬೆಣ್ಣೆ ದೋಸೆ ಹೋಟೆಲಿನ ಒಲೆಗೂ ಇಟ್ಟಿಗೆ ಗೂಡಿಗೂ ಕಟ್ಟಿಗೆ ಬೇಡವೆಂದು ಯಾರೂ ಹೇಳುತ್ತಿಲ್ಲ. ಕೈಗಾತ್ರದ ಕೊಂಬೆಗಳು ಅದಕ್ಕೆ ಧಾರಾಳ.

ಬೊಡ್ಡೆಗಿಂತ ಹೆಚ್ಚು ಹಾಳಾಗುವುದು ಕವಲು. ಕಾಂಡ ಎರಡಾಗಿ ಒಡೆಯುವ ಜಾಗದಲ್ಲಿ ಎಳೆಗಳು ಒಂದರೊಳಗೊಂದು ಹೆಣೆದುಕೊಂಡು ನವಿಲುಗರಿಯಂಥ ಚಿತ್ತಾರ ಮೂಡಿರುತ್ತದೆ. ಮರ ಕಡಿಯುವವನಿಗೆ ಅದು ಕೊಡಲಿಗೆ ಒಗ್ಗದ ಗಂಟು. ಹಾಗಾಗಿ ಸರಿಯಾಗಿ ಕವಲಿಗೇ ಗರಗಸ ಇಟ್ಟು ಮೂರು ತುಂಡು ಮಾಡುತ್ತಾನೆ. ಚಿತ್ತಾರವೂ ಮೂರು ಪಾಲಾಗುತ್ತದೆ. ಕವಲಿನ ಕೆಳಗೆ ಮೂರಡಿ, ಮೇಲೆ ಎರಡೂ ಕೊಂಬೆಗಳಲ್ಲಿ ಒಂದೂವರೆ ಅಡಿ ಬಿಟ್ಟು ಕುಯ್ದರೆ ಸಾಕು. ಸಾಮಿಲ್‌ನಲ್ಲಿ ಸೀಳುವಾಗ ಎರಡು ಕೊಂಬೆಗಳ ತಿರುಳು, ಕಾಂಡದ ತಿರುಳು, ಈ ಮೂರನ್ನೂ ಒಂದೇ ಗೆರೆ ಹಾಯುವಂತೆ ಗರಗಸ ಓಡಬೇಕು. ತುದಿಗಳಿಗೆ ಸೀಮೆಸುಣ್ಣದಲ್ಲಿ ಆ ಗೆರೆ ಎಳೆದು ಕೊಡದಿದ್ದರೆ ಸಾಮಿಲ್‌ನವರು ತಮಗೆ ಅನುಕೂಲವಾದ ಮಗ್ಗುಲಿಗೆ ಮಲಗಿಸಿ ಸೀಳುತ್ತಾರೆ. ಒಂದು ಮಗ್ಗುಲು ತಪ್ಪಿತೋ, ಗರಿ ಹೋಗಿ ಎರಡು ಕಣ್ಣಿನ ಮಾಮೂಲು ಹಲಗೆ ಬರುತ್ತದೆ. ಸರಿಯಾಗಿ ಸೀಳಿದರೂ ಗರಿ ಇರುವುದು ನಡುವಿನ ಎರಡು ಮೂರು ಹಲಗೆಗಳಲ್ಲಿ ಮಾತ್ರ, ಆದ್ದರಿಂದ ಅವನ್ನು ಎರಡೂವರೆ ಇಂಚು ದಪ್ಪಕ್ಕೆ ಇಟ್ಟುಕೊಳ್ಳಿ. ಕವಲಿನ ಸಂದಿಯಲ್ಲಿ ತೊಗಟೆ ಒಳಮುಖವಾಗಿ ಮಡಚಿ ಹೋಗಿದ್ದರೆ ಒಳಗೂ ತೊಗಟೆಯ ಟೊಳ್ಳು ಇದ್ದೇ ಇರುತ್ತದೆ. ಅಂಥದನ್ನು ನಿಸ್ಸಂಕೋಚವಾಗಿ ಸೌದೆಗೆ ಬಿಡಬಹುದು. ಸಂದಿಯಲ್ಲಿ ತೊಗಟೆ ಏರಿಯಂತೆ ಉಬ್ಬಿದ್ದರೆ ಮರ ಕೂಡಿಕೊಂಡಿದೆ ಎಂದರ್ಥ.

ಯಾವ ಮರ ನೋಡಬೇಕು ಎಂದರೆ ನಮ್ಮ ಮೊದಲ ಉತ್ತರ ಹಲವರಿಗೆ ನಗು ತರಿಸೀತು: ಬಳ್ಳಾರಿ ಜಾಲಿ. ಚಳ್ಳಕೆರೆ, ಹಿರಿಯೂರು, ಮೊಳಕಾಲ್ಮೂರು ಕಡೆ ಕೆರೆಯಂಗಳ ತುಂಬ ಹಬ್ಬಿ, ಇದ್ದಿಲಿಗೂ ಇಟ್ಟಿಗೆ ಗೂಡಿಗೂ ಹೋಗುವ ಅದೇ ಮುಳ್ಳುಕಂಟಿ. ಒಳಗಿನ ಚೇಗು (ಮರದ ನಡುವಿನ ಬಲಿತ ಭಾಗ) ಕೆಂಪು ಮಿಶ್ರಿತ ಕಂದು, ಗಟ್ಟಿ, ಎಳೆ ಸುರುಳಿ ಸುರುಳಿ. ಒಣಗುವಾಗ ಕುಗ್ಗುವುದು ತೀರ ಕಡಿಮೆ, ಅದೂ ಎರಡು ದಿಕ್ಕಿನಲ್ಲೂ ಹೆಚ್ಚೂಕಡಿಮೆ ಸಮ. ಸಾಮಾನ್ಯವಾಗಿ ಮರ ಉಂಗುರದ ಗುಂಟ ಕುಗ್ಗುವುದು ಉಂಗುರಕ್ಕೆ ಅಡ್ಡಲಾಗಿ ಕುಗ್ಗುವುದರ ಎರಡು ಪಟ್ಟಿನಷ್ಟಿರುತ್ತದೆ. ಹಲಗೆ ಡೊಂಕಾಗುವುದು, ದಿಮ್ಮಿ ಬಿರಿಯುವುದು ಬಹುಪಾಲು ಈ ವ್ಯತ್ಯಾಸದಿಂದ. ಅದು ಕಡಿಮೆ ಇರುವ ಮರ ಕಡೆತಕ್ಕೆ, ಪೆಟ್ಟಿಗೆಗೆ, ಉಳಿ ಹಿಡಿಗೆ, ಚಾಕು ಹಿಡಿಗೆ ವರ. ದೋಷಗಳೂ ಇವೆ: ಬೊಡ್ಡೆ ನೆಟ್ಟಗಿರುವುದಿಲ್ಲ, ಮೂರಡಿ ಉದ್ದ, ನಾಲ್ಕಿಂಚು ಅಗಲದ ಹಲಗೆ ಸಿಕ್ಕರೆ ಅದೇ ದೊಡ್ಡದು. ಕಡಿದ ವಾರದಲ್ಲೇ ತೊಗಟೆ ಬಿಡಿಸದಿದ್ದರೆ ಹುಳ ಚೇಗಿನ ಸುತ್ತಲಿನ ಬಿಳಿ ಭಾಗ ಕೊರೆದು ಒಳಕ್ಕೂ ಇಳಿಯುತ್ತದೆ. ಮುಳ್ಳು ಚರ್ಮದೊಳಗೆ ಮುರಿದರೆ ಕೀವಾಗದೆ ಬಿಡುವುದಿಲ್ಲ, ದಪ್ಪ ಚರ್ಮದ ಕೈಗವಸು ಬೇಕೇ ಬೇಕು. ಹೂಳೆತ್ತುವ ಜೆಸಿಬಿ ಬೇರುಸಮೇತ ಕಿತ್ತ ಗೆಡ್ಡೆಗಳಲ್ಲಿ ಚಿತ್ತಾರ ಇನ್ನೂ ಹೆಚ್ಚು, ಆದರೆ ಬೇರಿನ ಸಂದಿಯಲ್ಲಿ ಕಲ್ಲು ಕಚ್ಚಿಕೊಂಡಿರುತ್ತದೆ. ಸರ್ವಿಸ್ ಸ್ಟೇಷನ್ನಿನ ಪ್ರೆಶರ್ ನೀರಿನಲ್ಲಿ ತೊಳೆಯದೆ ಗರಗಸಕ್ಕೆ ಕೊಟ್ಟರೆ ಬ್ಲೇಡು ಹೋಯಿತೆಂದೇ ತಿಳಿಯಿರಿ.

ಬಾಗೆ ಮರದ ಚೇಗು ಕಂದು, ಕಪ್ಪು ಪಟ್ಟೆಗಳದ್ದು. ಹೊರದೇಶದ ವ್ಯಾಪಾರದಲ್ಲಿ ಇದಕ್ಕೆ ಈಸ್ಟ್ ಇಂಡಿಯನ್ ವಾಲ್ನಟ್ ಎಂಬ ದೊಡ್ಡ ಹೆಸರೇ ಇತ್ತು. ಉಜ್ಜುವಾಗ ಏಳುವ ಪುಡಿ ಮಾತ್ರ ಸೀನು ಹಿಡಿಸುತ್ತದೆ. ಹುಣಸೆಯ ಕಪ್ಪು ಚೇಗು ಸಣ್ಣದು, ಸುತ್ತಲಿನ ಬಿಳಿ ಭಾಗ ದೊಡ್ಡದು. ಆ ಬಿಳಿಯಲ್ಲೇ ಶಿಲೀಂಧ್ರ ಹಿಡಿದು ಪೆನ್ನಿನಲ್ಲಿ ಬರೆದಂಥ ಕರಿಗೆರೆಗಳು ಮೂಡುತ್ತವೆ. ಮಾವು, ಮಳೆಮರಗಳಲ್ಲೂ ಅಷ್ಟೇ. ಮಳೆಗಾಲದಲ್ಲಿ ದಿಮ್ಮಿಯನ್ನು ನೆರಳಿನ ಒದ್ದೆ ನೆಲದಲ್ಲಿ ಬಿಟ್ಟರೆ ಎರಡು ಮೂರು ತಿಂಗಳಲ್ಲಿ ಗೆರೆ ಶುರುವಾಗುತ್ತದೆ. ಎಲ್ಲಿ ನಿಲ್ಲಿಸಬೇಕು ಎನ್ನುವುದೇ ಇದರ ಕಷ್ಟ. ಹದಿನೈದು ದಿನಕ್ಕೊಮ್ಮೆ ತುದಿಯಿಂದ ಒಂದಿಂಚು ಕುಯ್ದು, ಬಿಳಿ ಜಾಗಕ್ಕೆ ಉಗುರು ಒತ್ತಿ ನೋಡಿ. ಉಗುರು ಇಳಿದರೆ ತಡವಾಗಿದೆ, ಅದು ಮರವಲ್ಲ, ಬೆಂಡು. ಉಗುರು ಇಳಿಯದೆ ಗೆರೆ ಕಂಡ ದಿನವೇ ಸೀಳಿ ಒಣಗಲು ಹಾಕಿ. ತೇವ ಶೇ 20ಕ್ಕಿಂತ ಕೆಳಗಿಳಿದರೆ ಶಿಲೀಂಧ್ರ ಅಲ್ಲಿಗೇ ನಿಲ್ಲುತ್ತದೆ. ಇಂಥ ಮರ ಉಜ್ಜುವಾಗ ಎನ್-95 ಮಾಸ್ಕ್ ಇಲ್ಲದೆ ಕೂರಬೇಡಿ.

ತೋಟದ ಬದುವಿನ ಸಿಲ್ವರ್ ಓಕ್ ಪ್ಯಾಕಿಂಗ್ ಪೆಟ್ಟಿಗೆಗೆ ಹೋಗುವ ಅಗ್ಗದ ಮರವೆಂದೇ ಎಣಿಕೆ. ದಿಮ್ಮಿಯನ್ನು ಮೊದಲು ನಾಲ್ಕು ಹೋಳು ಮಾಡಿ, ಉಂಗುರಗಳು ಹಲಗೆಯ ಮುಖಕ್ಕೆ ಲಂಬವಾಗಿ ಬರುವಂತೆ ಸೀಳಿದರೆ ಮುಖದ ತುಂಬ ಜರತಾರಿ ಲೇಸಿನಂಥ ಹೊಳೆವ ಚುಕ್ಕೆಗಳು. ಸುಮ್ಮನೆ ಒಂದರ ಮೇಲೊಂದು ಸೀಳಿದರೆ ನಡುವಿನ ಒಂದೆರಡು ಹಲಗೆ ಬಿಟ್ಟು ಬೇರೆಲ್ಲೂ ಅದು ಕಾಣುವುದಿಲ್ಲ. ಹೊಸದುರ್ಗ, ಹೊಳಲ್ಕೆರೆ ಕಡೆ ಬರಕ್ಕೆ ಒಣಗಿದ ಹಳೆಯ ತೆಂಗೂ ಇದೇ ಸಾಲಿಗೆ ಸೇರುತ್ತದೆ. ಕಾಂಡದ ಕೆಳಭಾಗದ, ತೊಗಟೆಗೆ ಹತ್ತಿರದ ಎರಡಿಂಚು ಮಾತ್ರ ಕಲ್ಲಿನಷ್ಟು ಗಟ್ಟಿ, ಕಂದು ನೆಲದ ಮೇಲೆ ಕಪ್ಪು ಎಳೆ. ನಡುವಿನದು ಹಗುರ, ಬಳಸಬೇಡಿ. ಸಾಧಾರಣ ಉಕ್ಕಿನ ಅಲಗು ತೆಂಗಿನ ಮುಂದೆ ಬೇಗ ಮೊಂಡಾಗುತ್ತದೆ, ಕಾರ್ಬೈಡ್ ಹಲ್ಲಿನ ಬ್ಲೇಡು ಬೇಕು.

ಇನ್ನು ಹಳೇ ಮನೆಯ ಮರ. ಇಲ್ಲಿ ಮೋಸಕ್ಕಿಂತ ಭ್ರಮೆ ಹೆಚ್ಚು. ನೂರು ವರ್ಷದ ತೊಲೆ ಎಂದ ಕೂಡಲೇ ಬರ್ಮಾ ತೇಗ ಎನ್ನುತ್ತಾರೆ. ಹೊಗೆ ಹಿಡಿದು ಕಪ್ಪಾದ ತೊಲೆಯನ್ನು ಮೇಲಿಂದ ನೋಡಿ ಜಾತಿ ಹೇಳಲಾಗದು, ತೇಗ ಬರ್ಮಾದ್ದೋ ದಾಂಡೇಲಿಯದ್ದೋ ಎಂದು ಹೇಳುವುದಂತೂ ದೂರದ ಮಾತು. ಒಂದೇ ಮನೆಯಲ್ಲಿ ತೊಲೆ ಮತ್ತಿಯದು, ಕಂಬ ಕಮರದ್ದು, ಜಂತೆ ಬೇವಿನದೋ ತೆಂಗಿನದೋ, ಬಾಗಿಲು ಮಾತ್ರ ತೇಗದ್ದು ಇರಬಹುದು. ಕಾಣದ ಮೂಲೆಯಲ್ಲಿ ಉಳಿಯಿಂದ ಬೆರಳಗಲ ಕೆತ್ತಿ ಹೊಸ ಮುಖ ನೋಡಿ, ಮೂಸಿ. ತೇಗಕ್ಕೆ ಚರ್ಮದ, ಎಣ್ಣೆಯ ವಾಸನೆ, ಮುಟ್ಟಿದರೆ ತುಸು ಜಿಡ್ಡು. ಬೀಟೆಗೆ ಸಿಹಿ ಪರಿಮಳ. ಕಮರದ ಒಣಗಿದ ತುಂಡೂ ನೀರಿಗೆ ಹಾಕಿದರೆ ಸೀದಾ ತಳಕ್ಕೆ. ಹೊನ್ನೆಯದೊಂದು ಸೊಗಸಾದ ಪರೀಕ್ಷೆ ಇದೆ. ನಾಲ್ಕಾರು ಹೆರೆಗಳನ್ನು ಗಾಜಿನ ಲೋಟದ ನೀರಿಗೆ ಹಾಕಿ ಅರ್ಧ ಗಂಟೆ ಬಿಡಿ. ನೀರು ಚಹದಂತೆ ಹೊಂಬಣ್ಣಕ್ಕೆ ತಿರುಗುತ್ತದೆ. ಲೋಟವನ್ನು ಬಿಸಿಲಿಗೆ ಹಿಡಿದು ಕಪ್ಪು ಬಟ್ಟೆಯ ಮುಂದೆ ಓರೆಯಾಗಿ ನೋಡಿದರೆ ಅಂಚಿನಲ್ಲಿ ನೀಲಿ ಹೊಳಪು ಕಾಣುತ್ತದೆ. ಕಂಡರೆ ಹೊನ್ನೆ ಎನ್ನಲು ಒಳ್ಳೆಯ ಗುರುತು. ಇವೆಲ್ಲ ಅಂದಾಜಿನ ಪರೀಕ್ಷೆಗಳು. ದೊಡ್ಡ ಹಣ ಹಾಕುವ ಮುನ್ನ ಬೆಂಗಳೂರು ಮಲ್ಲೇಶ್ವರದ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಗೆ ಮಾದರಿ ತುಂಡು ಕಳಿಸಿ ಜಾತಿ ಗುರುತಿಸಿಕೊಳ್ಳುವುದು ಮೇಲು.

ತೊಲೆಯ ಮೊಳೆ ತಲೆನೋವಿನ ವಿಷಯ. ಕಮ್ಮಾರರು ಬಡಿದ ಹಳೆಯ ಮೊಳೆಗಳ ತಲೆ ತುಕ್ಕಿಗೆ ಉದುರಿ, ಮೈ ಮಾತ್ರ ಒಳಗೇ ಉಳಿದಿರುತ್ತದೆ. ಮೊದಲು ತಂತಿ ಬ್ರಷ್ಷಿನಿಂದ ಸುಣ್ಣ, ಮಸಿ, ಮಣ್ಣು ತೆಗೆಯಿರಿ. ಮಾಳಿಗೆಯ ಮಣ್ಣು ಬಿರುಕಿನಲ್ಲಿ ಕೂತಿದ್ದರೆ ಪ್ಲೇನರ್ ಅಲಗು ಎರಡೇ ಓಟಕ್ಕೆ ಮೊಂಡು. ಆಮೇಲೆ ಶಕ್ತಿಯುತ ಮ್ಯಾಗ್ನೆಟ್ಟನ್ನು ದಾರಕ್ಕೆ ಕಟ್ಟಿ ನಾಲ್ಕೂ ಮುಖದ ಮೇಲೆ ಅಂಗುಲ ಅಂಗುಲ ಆಡಿಸಿ. ಎಳೆದ ಕಡೆ ಸೀಮೆಸುಣ್ಣದ ಗುರುತು. ಆಳದ ಮೊಳೆಗೆ ಕೈಯಲ್ಲಿ ಹಿಡಿಯುವ ಮೆಟಲ್ ಡಿಟೆಕ್ಟರ್ ಬೇಕು. ಮರದ ಮೇಲೆ ಹುಬ್ಬಿನಾಕಾರದ ನೀಲಿಗಪ್ಪು ಕಲೆ ಇದ್ದರೆ ಅದರ ನಡುವೆ ಕಬ್ಬಿಣ ಇದೆ ಎಂದೇ ಲೆಕ್ಕ. ಮರದ ಒಗರು ಕಬ್ಬಿಣಕ್ಕೆ ತಾಗಿ ಆಗುವ ಮಸಿ ಅದು. ಮೊಳೆ ಕೀಳಲು ಬಾರದಿದ್ದರೆ ಅದರ ಸುತ್ತ ಟೊಳ್ಳು ಡ್ರಿಲ್ಲಿನಿಂದ ಕೊರೆದು ಮರಸಮೇತ ತೆಗೆದು, ಅದೇ ಮರದ ಬೆಣೆ ತುಂಬಿ. ಗೊತ್ತಿಲ್ಲದೆ ಉಳಿದ ಮೊಳೆಗೆ ಬ್ಲೇಡು ಮುರಿದರೆ ಯಾರು ಕೊಡಬೇಕು ಎನ್ನುವುದನ್ನು ಸಾಮಿಲ್‌ನವರೊಡನೆ ಮೊದಲೇ ಮಾತಾಡಿಕೊಳ್ಳಿ. ಹಳೇ ಮರ ಎಂದರೆ ಅವರು ಮುಖ ತಿರುಗಿಸುವುದು ಇದೇ ಕಾರಣಕ್ಕೆ, ಅದು ತಪ್ಪೂ ಅಲ್ಲ.

ತೊಲೆ ಒಣಗಿದೆ, ಸೀಳಿದ ದಿನವೇ ಬಳಸಬಹುದು ಎನ್ನುವುದು ಇನ್ನೊಂದು ತಪ್ಪು. ದಶಕಗಟ್ಟಲೆ ಭಾರ ಹೊತ್ತ ಮರದೊಳಗೆ ಬಿಗುವು ಇರುತ್ತದೆ. ಸೀಳಿದ ಕೂಡಲೇ ಎರಡು ಹೋಳೂ ಬಿಲ್ಲಿನಂತೆ ಬಾಗುವುದುಂಟು. ಬೇಕಾದ ದಪ್ಪಕ್ಕಿಂತ ಮೂರು ನೂಲು (ಇಂಚಿನ ಎಂಟರಲ್ಲಿ ಮೂರು ಪಾಲು) ಹೆಚ್ಚಿಗೆ ಇಟ್ಟು ಸೀಳಿ, ನಡುವೆ ರೀಪು (ತೆಳು ಮರದ ಪಟ್ಟಿ) ಕೊಟ್ಟು ಎರಡು ವಾರ ಜೋಡಿಸಿಟ್ಟು, ಆಮೇಲೆ ಕೊನೆ ಅಳತೆಗೆ ತನ್ನಿ. ಆರಿಂಚು ಚೌಕದ ಹತ್ತಡಿ ತೊಲೆ ಲೆಕ್ಕಕ್ಕೆ ಎರಡೂವರೆ ಘನ ಅಡಿ. ಗೋಡೆಯೊಳಗೆ ಹೂತು ಲಡ್ಡಾದ ಎರಡು ತುದಿ, ತಿರುಳಿನ ಬಿರುಕು, ಮೊಳೆ ಜಾಗ, ಗೆದ್ದಲು ಹಾದಿ ಕಳೆದರೆ ಅರ್ಧ ಕೈಗೆ ಬಂದರೆ ಅದೃಷ್ಟ. ಬೆಲೆ ಮಾತಾಡುವಾಗ ಈ ಅರ್ಧವನ್ನೇ ತಲೆಯಲ್ಲಿಟ್ಟುಕೊಳ್ಳಿ. ಬಿಳಿ ಭಾಗದಲ್ಲಿ ಗುಂಡುಸೂಜಿ ತೂತು, ಕೆಳಗೆ ಹಿಟ್ಟಿನಂಥ ಪುಡಿ ಇದ್ದರೆ ಕುಟ್ಟೆ ಹುಳ. ಪುಡಿ ಒರೆಸಿ, ಕೆಳಗೆ ಕಪ್ಪು ಕಾಗದ ಹಾಕಿ ಒಂದು ವಾರ ಬಿಡಿ. ಮತ್ತೆ ಪುಡಿ ಬಿದ್ದಿದ್ದರೆ ಹುಳ ಜೀವಂತ. ಬಿಳಿ ಭಾಗ ಕೆತ್ತಿ ತೆಗೆಯುವುದೇ ಸುಲಭದ ಮದ್ದು. ತೆಗೆಯಲಾಗದ ಕಡೆ 10 ಲೀಟರ್ ಬಿಸಿನೀರಿಗೆ 300 ಗ್ರಾಂ ಬೋರಾಕ್ಸ್, 200 ಗ್ರಾಂ ಬೋರಿಕ್ ಆಸಿಡ್ ಕರಗಿಸಿ, ಬಣ್ಣ ಪಾಲಿಶ್ ಇಲ್ಲದ ಬರಿಮರಕ್ಕೆ ಮೂರು ಸಲ ಧಾರಾಳವಾಗಿ ಬಳಿಯಿರಿ. ಮಳೆಗೆ ನೆನೆಯುವ ಮರಕ್ಕೆ ಇದು ನಿಲ್ಲುವುದಿಲ್ಲ, ತೊಳೆದು ಹೋಗುತ್ತದೆ.

ಹತ್ತಿ ಗಿರಣಿಗಳ ಊರಾಗಿದ್ದ ದಾವಣಗೆರೆಯಲ್ಲಿ ಹಳೇ ಶೆಡ್ಡುಗಳ ಮರವೂ ಆಗಾಗ ಹರಾಜಿಗೆ ಬರುತ್ತದೆ. ಯಂತ್ರದ ಕೆಳಗಿದ್ದ ಎಣ್ಣೆ ಕುಡಿದ ಹಲಗೆಗೆ ಫೆವಿಕಾಲ್ ಹಿಡಿಯುವುದಿಲ್ಲ. ಎಣ್ಣೆ ಗಾಣದ ಒರಳಿಗೂ ಅದೇ ಮಾತು. ಅಂಥವನ್ನು ಅಂಟಿನ ಕೆಲಸಕ್ಕೆ ನಂಬದೆ ಗೂಟ, ಕಚ್ಚು, ಬೋಲ್ಟಿನ ಕೆಲಸಕ್ಕೆ ಮೀಸಲಿಡಿ. ರೈಲ್ವೆ ಸ್ಲೀಪರ್ ಬಗ್ಗೆ ಮಾತ್ರ ಖಡಾಖಂಡಿತ ಮಾತು: ಕ್ರಿಯೋಸೋಟ್ (ಮರ ಕೊಳೆಯದಂತೆ ಹಾಕುವ ಟಾರಿನ ಎಣ್ಣೆ) ಕುಡಿಸಿದ ಮರ ಮನೆಯೊಳಗಿನ ಮೇಜಿಗಲ್ಲ, ತರಕಾರಿ ಹಚ್ಚುವ ಮಣೆಗಂತೂ ಅಲ್ಲವೇ ಅಲ್ಲ, ಒಲೆಗೂ ಅಲ್ಲ. ಟಾರಿನ ವಾಸನೆ ಬಂದರೆ ಕೈಬಿಡಿ.

ಹಸಿ ಮರ ಒಣಗಿಸಲು ನಮ್ಮ ಹವೆ ಒಳ್ಳೆಯದೇ, ಆದರೆ ಅವಸರದ್ದು. ಮಾರ್ಚ್‌ನಿಂದ ಮೇವರೆಗಿನ ಬಿಸಿಲೂ, ಜೂನ್ ಆದ ಮೇಲೆ ಚಿತ್ರದುರ್ಗದ ಗುಡ್ಡಗಳ ಗಾಳಿಯಂತ್ರ ತಿರುಗಿಸುವ ಪಡುವಣ ಗಾಳಿಯೂ ಹಲಗೆಯ ಮೇಲ್ಮೈಯನ್ನು ಒಳಗಿಗಿಂತ ಮೊದಲೇ ಒಣಗಿಸಿ ಬಿರಿಯಿಸುತ್ತವೆ. ದಿಮ್ಮಿ ಕುಯ್ದ ದಿನವೇ ಎರಡೂ ತುದಿಗೆ ಕರಗಿದ ಮೇಣವನ್ನೋ ಎರಡು ಕೋಟು ಎನಾಮಲ್ ಬಣ್ಣವನ್ನೋ ಬಳಿಯಿರಿ. ಎರಡು ದಿನ ಬಿಟ್ಟು ಬಳಿದರೆ ಪ್ರಯೋಜನ ಅರ್ಧ. ಹಲಗೆ ಜೋಡಿಸುವಾಗ ಮುಕ್ಕಾಲಿಂಚಿನ ಒಣ ರೀಪುಗಳು ಒಂದೂವರೆ ಅಡಿಗೊಂದು, ಕವಲಿನ ಹಲಗೆಗಾದರೆ ಅಡಿಗೊಂದು, ಮೇಲಿನಿಂದ ಕೆಳಗಿನವರೆಗೆ ಒಂದೇ ಸಾಲಿನಲ್ಲಿ. ಸಾಲು ತಪ್ಪಿದ ಕಡೆ ಹಲಗೆ ಅಲೆಯಾಗುತ್ತದೆ. ಅಟ್ಟಿಯ ಮೇಲೆ ಕಲ್ಲು ಹೇರಿ, ಪಡುವಣಕ್ಕೆ ತಾಟು ಕಟ್ಟಿ. ಇಂಚಿಗೆ ಒಂದು ವರ್ಷ ಎನ್ನುವ ಹಳೆಯ ಲೆಕ್ಕ ಗಟ್ಟಿ ಮರಕ್ಕೆ ಸುರಕ್ಷಿತ. ತೇವ ಅಳೆಯುವ ಅಗ್ಗದ ಮೀಟರಿನ ಮುಳ್ಳು ಮೇಲ್ಮೈಯನ್ನಷ್ಟೇ ಓದುತ್ತದೆ. ಅನುಮಾನವಿದ್ದರೆ ಹಲಗೆಯ ತುದಿಯಿಂದ ಒಂದಡಿ ಒಳಗೆ ಒಂದಿಂಚಿನ ಪಟ್ಟಿ ಕುಯ್ದು ತೂಗಿ, 103 ಡಿಗ್ರಿಯ ಓವನ್ನಿನಲ್ಲಿ ತೂಕ ಇಳಿಯುವುದು ನಿಲ್ಲುವವರೆಗೆ ಇಡಿ. 250 ಗ್ರಾಂ ಇದ್ದದ್ದು 215ಕ್ಕೆ ನಿಂತರೆ, ಇಳಿದ 35ನ್ನು 215ರಿಂದ ಭಾಗಿಸಿ: ತೇವ ಶೇ 16.3. ನಮ್ಮ ಮನೆಗಳೊಳಗಿನ ಸಾಮಾನಿಗೆ ಅದು ಇನ್ನೂ ಹಸಿ, ಶೇ 10-12ಕ್ಕೆ ಇಳಿಯಬೇಕು.

ಕಾನೂನಿನ ಮಾತು ಬಿಡುವಂತಿಲ್ಲ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಂತೆ ಸ್ವಂತ ಹೊಲದ ಮರವಾದರೂ ಕಡಿಯಲು ವೃಕ್ಷ ಅಧಿಕಾರಿಯ ಅನುಮತಿ ಬೇಕು. ಸಿಲ್ವರ್ ಓಕ್, ತೆಂಗು, ನೀಲಗಿರಿಯಂಥ ಕೆಲವಕ್ಕೆ ವಿನಾಯಿತಿ ಇದೆ. ಪಟ್ಟಿ ಆಗಾಗ ತಿದ್ದುಪಡಿಯಾಗುವುದರಿಂದ ವಲಯ ಅರಣ್ಯ ಕಚೇರಿಯಲ್ಲಿ ಇವತ್ತಿನ ಪಟ್ಟಿ ಕೇಳಿಯೇ ಕೊಡಲಿ ಎತ್ತಿ. ಕಡಿಯಲು ವಿನಾಯಿತಿ ಇದ್ದರೂ ಸಾಗಿಸಲು ರಹದಾರಿ ಬೇಕೇ ಎಂಬುದನ್ನು ಅಲ್ಲೇ ಕೇಳಿಕೊಳ್ಳಿ. ಹಳೇ ಮನೆಯ ಮರ ಒಯ್ಯುವಾಗ ಕೆಡವಲು ಪಡೆದ ಅನುಮತಿ, ಮರ ಇನ್ನೂ ಮಾಳಿಗೆಯಲ್ಲಿ ಇದ್ದಾಗಿನ ಫೋಟೊ, ಮಾರಿದವರ ರಸೀದಿ, ಮೂರೂ ಗಾಡಿಯಲ್ಲಿರಲಿ. ಬೀಟೆ, ಶ್ರೀಗಂಧದ ತುಂಡನ್ನು ಕಾಗದವಿಲ್ಲದೆ ಯಾರು ಎಷ್ಟು ಅಗ್ಗಕ್ಕೆ ಕೊಟ್ಟರೂ ಬೇಡ. ಬೀಟೆಯ ಇಡೀ ಕುಲ 2017ರ ಜನವರಿಯಿಂದ ಅಂತರರಾಷ್ಟ್ರೀಯ ವ್ಯಾಪಾರದ ಸೈಟಿಸ್ ಪಟ್ಟಿಯಲ್ಲೂ ಇದೆ. ಮಾಡಿದ ಸಾಮಾನು ಹೊರದೇಶಕ್ಕೆ ಕಳಿಸುವ ಆಸೆ ಇದ್ದವರು ಇದನ್ನು ಮೊದಲೇ ತಿಳಿದಿರಬೇಕು. ನಿಂತ ಮರದ ಗಂಟನ್ನು ಚಿತ್ತಾರದ ಆಸೆಗೆ ಕೆತ್ತಿ ತೆಗೆಯುವ ಹೊಸ ಚಾಳಿ ಅಲ್ಲಲ್ಲಿ ಕಾಣುತ್ತಿದೆ. ಆ ಗಾಯದಿಂದ ಮರ ಒಳಗೇ ಕೊಳೆಯುತ್ತದೆ, ಕೆತ್ತಿದವನಿಗೆ ಸಿಗುವುದು ಬಿರಿದ ಒಂದು ತುಂಡು. ಇದು ಕಳ್ಳತನವಲ್ಲದೆ ಬೇರೇನಲ್ಲ.

ನಮ್ಮ ಕೋರಿಕೆ ಸಣ್ಣದು. ರಸ್ತೆ ಕಾಮಗಾರಿಯ ಮರಗಳ ಹರಾಜು ಪ್ರಕಟಣೆಗಳಲ್ಲಿ ಈಗ ಬರುವುದು 'ವಿವಿಧ ಜಾತಿಯ ಮರಗಳು, ಇದ್ದಲ್ಲಿ ಇದ್ದ ಹಾಗೆ' ಎಂಬ ಒಂದು ಸಾಲು. ಇಡೀ ಸಾಲನ್ನು ಒಟ್ಟಿಗೆ ಕೊಳ್ಳಬಲ್ಲವನು ಸೌದೆ ಗುತ್ತಿಗೆದಾರ ಮಾತ್ರ. ಒಂದು ಬಾಗೆ ಕವಲಿಗಾಗಿ ಬಂದ ಬಡಗಿ ಬಾಗಿಲಲ್ಲೇ ನಿಲ್ಲಬೇಕು. ಸುತ್ತಳತೆ ಮೂರಡಿ ಮೀರಿದ ಮರಗಳನ್ನಾದರೂ ಒಂದೊಂದಾಗಿ ನಮೂದಿಸಿ, ಜಾತಿ, ಸುತ್ತಳತೆ, ಬೊಡ್ಡೆಯ ಉದ್ದ, ಕವಲು ಇದೆಯೇ ಇಲ್ಲವೇ ಎಂಬ ನಾಲ್ಕು ಅಂಕಣ ಹಾಕಿ, ಕಡಿಯುವ ಗುತ್ತಿಗೆಯಲ್ಲೇ 'ಬೊಡ್ಡೆಯನ್ನು ಎಂಟಡಿಗಿಂತ ಗಿಡ್ಡ ಕುಯ್ಯಬಾರದು, ಕವಲಿಗೆ ಗರಗಸ ಇಡಬಾರದು' ಎಂದು ಒಂದು ಸಾಲು ಸೇರಿಸಲಿ. ಹರಾಜಿಗೆ ಮೂರು ದಿನ ಮೊದಲು ಮರ ನೋಡಲು ಬಿಡಲಿ, ಬಿಡಿ ದಿಮ್ಮಿಗೂ ಕೂಗಲು ಅವಕಾಶವಿರಲಿ. ಅಳತೆ ಮಾಡಲು ಬೇಕಾಗುವುದು ಒಂದು ಟೇಪು, ಒಂದು ಸೀಮೆಸುಣ್ಣ, ಮರದ ಜಾತಿ ಬಲ್ಲ ಒಬ್ಬ ವನಪಾಲಕ. ಇಪ್ಪತ್ತು ಮರಕ್ಕೆ ಅರ್ಧ ದಿನದ ಕೆಲಸ.

— ಮರಗೆಲಸದ ಕೆಲವರು, ದಾವಣಗೆರೆ